ಅಸೂಟಿಯನ್ನು ಒಲ್ಲೆ ಎಂದವಳು

"ಇದಾ ಏನು ನಿಮ್ಮ ಊರು? ನಾ ದನದ ದೊಡ್ಡಿ ಅಂದ್ಕೊಂಡೆ!"

ಚಕ್ಕಡಿಯಿಂದ ಇಳಿಯುತ್ತಲೇ ಸಕ್ಕೂಬಾಯಿ ಆಡಿದ ಮೊದಲ ಮಾತಿದು. ಎತ್ತುಗಳ ಕೊರಳ ಹಗ್ಗ ಬಿಚ್ಚುತ್ತಿದ್ದ ಅರ್ಜುನಪ್ಪ ತಿರುಗಿಯೂ ನೋಡಲಿಲ್ಲ.

"ದನಾನೂ ಅದಾವ್ರಿ, ಬಾಯಿಸಾಹೇಬ್ರ. ಆದ್ರ ಅವು ಹಿಂಗ ಒದರೂದಿಲ್ಲ."

ಅವಳ ಮೈಯೆಲ್ಲ ಉರಿಯಿತು. ಎಂಥ ಸೊಕ್ಕು! ಸೋದರತ್ತೆ ಹೊಳೆವ್ವನ ಮಗನಾದ ಇವನನ್ನೇ ಮದುವೆಯಾಗಬೇಕೆಂದು ಅಪ್ಪ ಅವಳನ್ನು ಪುಣೆಯಿಂದ ಅಸೂಟಿಗೆ ಎಳೆದು ತಂದಿದ್ದ.

ಅದು ೧೯೫೪. ಪುಣೆಯಲ್ಲಿ ನಳದ ನೀರು, ಕರೆಂಟಿನ ದೀಪ, ಮ್ಯಾಟ್ರಿಕ್ ಪಾಸಾದ ಹೆಮ್ಮೆ... ಇಲ್ಲೇನಿದೆ? ಕಾಲು ಬಿಡದ ಎರೆಮಣ್ಣು, ಮನೆಯೊಳಗೇ ಎತ್ತು, ಅವಳನ್ನು ನೋಡಲೆಂದೇ ಬರುವ ಹೆಂಗಸರು. 'ಸೀರಿ ಉಟ್ಟಾಳೋ, ಸುತಗೊಂಡಾಳೋ?' ಎಂದು ಅವರು ಕಿಸಕ್ಕನೆ ನಕ್ಕಾಗ ಅವಳಿಗೆ ಅಳುವೇ ಬಂದಿತ್ತು.

ಮರುದಿನ ಸೀಗಿ ಹುಣ್ಣಿಮೆ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿತು. ಅರ್ಜುನಪ್ಪ ಬೆಳೆಯ ಸಾಲುಗಳ ನಡುವೆ ನಡೆಯುತ್ತ ಭೂಮಿತಾಯಿಗೆ ಚರಗವೆಂದು ಅನ್ನ, ಕಡುಬು ಚೆಲ್ಲಿದ.

"ಉಣ್ಣೋ ಅನ್ನಾ ಮಣ್ಣಿಗೆ ಚೆಲ್ಲೂದು! ಇದಕ್ಕ ಹಬ್ಬ ಅಂತಾರ?" ಸಕ್ಕೂಬಾಯಿ ಮುಖ ಕಿವುಚಿದಳು.

ಅವಳಿಗೆ ಸಜ್ಜೆರೊಟ್ಟಿ ಕೊಡಲು ಬಂದಿದ್ದ ನೆರೆಮನೆಯ ಕರೆವ್ವ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

"ಬಿಡವಾ, ಇದನ್ನೂ ಮಣ್ಣಿಗೇ ಹಾಕತೇನಿ. ಅದಾದ್ರೂ ಮಾರಿ ಕಿವುಚೂದಿಲ್ಲ."

ಎಲ್ಲರೂ ನಕ್ಕರು. ಅರ್ಜುನಪ್ಪ ಮಾತ್ರ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು... ಅವನಿಗೆ ನಾನು ನಗುವಷ್ಟೂ ಲೆಕ್ಕಕ್ಕಿಲ್ಲವೇ?

ಊಟವಾದ ಮೇಲೆ, ಎಲ್ಲರ ಎದುರಿಗೇ, ಅವನು ಅವಳ ಅಪ್ಪನಿಗೆ ಹೇಳಿಬಿಟ್ಟ.

"ಮಾವಾ, ನನಗ ನಿಮ್ಮ ಮಗಳು ಪಸಂದ ಇಲ್ಲ. ಈ ಲಗ್ನ ಬ್ಯಾಡ."

ಬೇಕಾಗಿದ್ದೂ ಅದೇ! ಆದರೂ ಸಕ್ಕೂಬಾಯಿ ಸೆರಗು ಕೊಡವಿ ಧಡಕ್ಕನೆ ಎದ್ದು ನಿಂತಳು. ಬೇಡ ಅನ್ನಬೇಕಾದವಳು ನಾನು! ಎರೆಮಣ್ಣು ಮೆತ್ತಿಕೊಂಡ ಈ ಒಕ್ಕಲುಮಗ ಯಾರು ನನ್ನನ್ನು ಬೇಡ ಅನ್ನಲು?

ಬೆಳಗ್ಗೆ ಟ್ರಂಕಿಗೆ ಸೀರೆ ತುಂಬುತ್ತಿದ್ದಾಗ ಹೊಳೆವ್ವ ಬಂದು ಬಾಗಿಲಲ್ಲೇ ನಿಂತಳು.

"ನಿನಗ ಈಗ ಸಮಾಧಾನ ಆತೇನವಾ? ನಿಮ್ಮಪ್ಪ ಅವಗ ನಾಯಿಗೆ ಬೈದ್ಹಂಗ ಬೈದ. ಊರೂ ಉಗಳಾಕತ್ತೈತಿ."

"ಒಲ್ಲೆ ಅಂದಾವರು ಅವರ, ಅತ್ತಿ!"

"ಯಾಕ ಅಂದಾ? 'ಒಲ್ಲೆ ಅಂದ್ರ ಕಾಲ ಮುರೀತೇನಿ' ಅಂತ ನಿಮ್ಮಪ್ಪ ನಿನಗ ಚಕ್ಕಡ್ಯಾಗ ಅಂದದ್ದು ಅಂವಾ ಕೇಳ್ಯಾನ. ಆಕಿ ಬಡಿಸ್ಕೊಳ್ಳೂದು ಬ್ಯಾಡ, ಬೈಗಳಾ ನನಗ ಬರ್ಲಿ ಅಂದಾ... ಹುಚ್ಚ!"

ಕೈಯಲ್ಲಿದ್ದ ಸೀರೆ ಜಾರಿತು. ಸಕ್ಕೂಬಾಯಿ ಹೊಲದ ದಾರಿ ಹಿಡಿದು ಓಡಿದಳು.

ಅವನು ಹತ್ತಿಯ ಸಾಲಿನಲ್ಲಿ ಕಳೆ ಕೀಳುತ್ತಿದ್ದ.

"ನನ್ನ ಸಲುವಾಗಿ ಸುಳ್ಳು ಹೇಳಾಕ ನಿಮಗ ಯಾರು ಹೇಳಿದ್ರು?"

"ಯಾವ ಸುಳ್ಳು?"

"ಪಸಂದ ಇಲ್ಲ ಅಂದದ್ದು!"

"ಅದು ಖರೇನೂ ಇರಬಹುದು..."

"ಹಂಗಾರ ನನ್ನ ಮಾರಿ ನೋಡಿ ಹೇಳ್ರಿ!"

ಅವನು ತಲೆಯೆತ್ತಿ ನೋಡಿದ. ಕಣ್ಣು ತಪ್ಪಿಸಿ ಮತ್ತೆ ಕಳೆಯತ್ತ ಬಗ್ಗಿದ.

ಅವಳ ಕಣ್ಣು ತುಂಬಿ ಬಂತು. "ಈ ಊರು ನನಗ ಒಂದ ಚೂರೂ ಸೇರಿಲ್ಲ. ಹೆಂಗಸರು ಬಾಯಿಬಡಕರು, ನೀವು ಸೊಕ್ಕಿನವರು... ಆದ್ರ ನನ್ನ ಸಲುವಾಗಿ ಬೈಸಿಕೊಂಡವರು ಇಲ್ಲೀತನಕ ಯಾರೂ ಇರಲಿಲ್ಲ."

ಅವನು ಕೈಯ ಮಣ್ಣು ಒರೆಸಿಕೊಂಡು ಎದ್ದು ನಿಂತ.

"ಇಲ್ಲೇ ಇದ್ರ ದಿನಾ ಈ ಊರಿಗೆ ಬೈತೀ ನೀ."

"ದಿನಾ ಬೈತೇನಿ!"

"ನನಗ?"

"ನಿಮಗ... ಎಲ್ಲಾರಿಗಿಂತ ಮೊದಲ."

ಅರ್ಜುನಪ್ಪ ಮೊದಲ ಬಾರಿಗೆ ನಕ್ಕ. "ಹಂಗಾರ ಇರು, ಸಕ್ಕೂ. ಬೈಯಾಕಾದ್ರೂ ಇರು." ಆಮೇಲೆ ಗಂಭೀರನಾದ. "ಮಾವಗ ಮತ್ತ ನಾನ ಹೇಳ್ಲ್ಯಾ?"

"ಬ್ಯಾಡ." ಅವಳು ಕಣ್ಣೊರೆಸಿಕೊಂಡು ಅವನ ಒರಟು ಬೆರಳುಗಳನ್ನು ಹಿಡಿದಳು. "ಒಲ್ಲೆ ಅಂತ ನೀವು ಹೇಳಿದ್ರಿ. ಹೂಂ ಅಂತ ನಾ ಹೇಳ್ತೇನಿ."