ರಾಯಭಾರಿಯ ಕ್ಯಾಸೆಟ್ ಇದ್ದ ಜಾಗ

ಅತ್ತಿಗೆಯ ಮನೆಗೆ ಅಳುತ್ತಾ ಬರುವವರು ನನಗೆ ಹೊಸಬರಲ್ಲ. ವಿಮಾ ಕಂಪನಿಯಲ್ಲಿ ಸುಳ್ಳು ಪರಿಹಾರ ಕೇಳುವವರ ಬೆನ್ನು ಹತ್ತುವುದು ಅತ್ತಿಗೆಯ ಕೆಲಸವಾಗಿತ್ತು. ನಿವೃತ್ತರಾದ ಮೇಲೂ ಆ ಚಾಳಿ ಬಿಡಲಿಲ್ಲ. ಅವರ ಹಿಂದೆ ಕೊಡೆ ಹಿಡಿದು ತಿರುಗುವ ಮೈದುನ ನಾನು. ಆ ಬೆಳಿಗ್ಗೆ ಬಂದ ಹುಡುಗಿ ಮಾತ್ರ ಅಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ನನ್ನ ಗೆಳತೀನೇ ನನ್ನ ಕತ್ತು ಕುಯ್ದಳು" ಎಂದಳು.

ಅವಳು ಸಂಶೋಧನಾ ವಿದ್ಯಾರ್ಥಿನಿ. ನೆರೆಯ ದೇಶದೊಂದಿಗೆ ಹಿಂದೊಮ್ಮೆ ಮುರಿದುಬಿದ್ದ ಗಡಿ ಮಾತುಕತೆ ಅವಳ ವಿಷಯ. ಮುರಿದವರು ನೆರೆಯವರೇ ಎಂದು ಎಲ್ಲ ಪಠ್ಯಗಳೂ ಹೇಳುತ್ತಿದ್ದವು. ಅವಳ ಮಾರ್ಗದರ್ಶಕರ ಹೆಸರಾಂತ ಪುಸ್ತಕ ನಿಂತದ್ದೇ ಆ ಮಾತಿನ ಮೇಲೆ. ಆದರೆ ಆ ಮಾತುಕತೆಯಲ್ಲಿ ಕೂತಿದ್ದ ಮುದಿ ರಾಯಭಾರಿಯೊಬ್ಬರು, ಎದ್ದು ಬಂದವರು ನಾವೇ ಎಂದು ಅವಳಿಗೆ ಹೇಳಿದ್ದರು. ಫೋನನ್ನು ನಂಬದ ಮನುಷ್ಯ. ತಮ್ಮ ಹಳೆಯ ಟೇಪ್ ರೆಕಾರ್ಡರಿನಲ್ಲೇ ಮಾತಾಡಿ, ತಾವು ಬದುಕಿರುವವರೆಗೆ ನಕಲು ಮಾಡಕೂಡದೆಂದು ಮಾತು ತೆಗೆದುಕೊಂಡಿದ್ದರು. ಹೋದ ವಾರ ಅವರು ತೀರಿಕೊಂಡರು. ಈಗ ಕ್ಯಾಸೆಟ್ಟೂ ಮಾಯ. ಅದಿಲ್ಲದೆ ಮೌಖಿಕ ಪರೀಕ್ಷೆಗೆ ಕೂತರೆ ಅವಳ ವರ್ಷಗಟ್ಟಲೆ ದುಡಿಮೆ ಬರೀ ಕಟ್ಟುಕತೆ.

ಮಾರ್ಗದರ್ಶಕರನ್ನು ಅವಳು ಹೊಗಳಿದ್ದೇ ಹೊಗಳಿದ್ದು. ಮೇಷ್ಟ್ರಾಗುವ ಮೊದಲು ಸರ್ಕಾರಿ ಪತ್ರಾಗಾರದಲ್ಲಿ ಕಡತ ಕಾಯ್ದವರು, ದಾಖಲೆಯೆಂದರೆ ಪ್ರಾಣ. ತಮ್ಮ ಪುಸ್ತಕ ತಪ್ಪಾದರೂ ಪರವಾಗಿಲ್ಲ, ಬರಿ ಮಗಳೇ ಅಂದಿದ್ದರಂತೆ. ಕೋಣೆ ಹಂಚಿಕೊಂಡಿದ್ದ ಗೆಳತಿ ಪತ್ರಿಕೆಯ ವರದಿಗಾರ್ತಿ. ಸುದ್ದಿ ತನಗೇ ಕೊಡೆಂದು ದುಂಬಾಲು ಬಿದ್ದಿದ್ದಳು. ಅವಳ ಮೇಲೆ ಒಂದು ಕಣ್ಣಿಟ್ಟಿರು ಎಂದು ಎಚ್ಚರಿಸಿದವರೂ ಸರ್ ಅವರೇ.

ನಾವು ಕೋಣೆ ನೋಡಲು ಹೋದೆವು. ಹಿಂದಿನ ದಿನ ಹುಡುಗಿಯರಿಬ್ಬರೂ ಇಲ್ಲದಾಗ ರಾಯಭಾರಿಯ ಮಗ ಬಂದಿದ್ದನೆಂದು ಮನೆಯೊಡತಿ ಹೇಳಿದರು. ಅಪ್ಪನ ಮಾತು ಹೊರಬೀಳಬಾರದೆಂದು ಕೂಗಾಡಿ, ಒಳಗೆ ಕೂತು ಕಾದು, ಬೇಸತ್ತು ಹೋದನಂತೆ. ಆಮೇಲೆ ಸರ್ ಬಂದು ತಿದ್ದಿದ ಅಧ್ಯಾಯವನ್ನು ಮೇಜಿನ ಮೇಲಿಟ್ಟು ಹೋಗಿದ್ದರು. "ಸರ್‌ನ ಲೆಕ್ಕಕ್ಕೆ ತಗೋಬೇಡಿ" ಎಂದಳು ಹುಡುಗಿ.

ಗೋಡೆಯ ಹಲಗೆಯ ಮೇಲೆ ಅವಳು ಸಂಗ್ರಹಿಸಿದ್ದ ಹಳೆಯ ಸಂದರ್ಶನಗಳ ಕ್ಯಾಸೆಟ್ಟುಗಳು ಒತ್ತಾಗಿ ನಿಂತಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ. ಅವಳು ಅಡಿಟಿಪ್ಪಣಿಗಳಲ್ಲಿ ಬಳಸುತ್ತಿದ್ದ ಸಂಖ್ಯೆಗಳಷ್ಟೇ. ಕಳುವಾದದ್ದರ ಜಾಗದಲ್ಲಿ ಅಷ್ಟೇ ಎತ್ತರದ ಖಾಲಿ ಬಿಳಿ ರಟ್ಟಿನ ತುಂಡೊಂದು ನೆಟ್ಟಗೆ ನಿಂತಿತ್ತು. ಪಕ್ಕದವು ಬೀಳದಿರಲೆಂದು ಇಟ್ಟಿರಬೇಕು ಎಂದಳು ಹುಡುಗಿ; ನಾನೂ ತಲೆಯಾಡಿಸಿದೆ. ಅತ್ತಿಗೆ ಮೇಜಿನತ್ತ ಹೋಗಿ ತಿದ್ದಿದ ಅಧ್ಯಾಯವನ್ನು ಎತ್ತಿದರು. ಹಾಳೆಗಳಿಗೆ ಆಸರೆಯಾಗಿದ್ದ ರಟ್ಟಿನ ಒಂದು ಮೂಲೆ ಕತ್ತರಿಸಿಹೋಗಿತ್ತು. ಸಂಜೆ ಎಲ್ಲರನ್ನೂ ಮನೆಗೆ ಕರೆಸಲು ನನಗೆ ಅಪ್ಪಣೆ ಮಾಡಿದರು.

ಸಂಜೆ ಮಾರ್ಗದರ್ಶಕರು ಹುಡುಗಿಯ ಪಕ್ಕದಲ್ಲೇ ಕೂತು ಧೈರ್ಯ ಹೇಳುತ್ತಿದ್ದರು. ಗೆಳತಿ ಬಾಗಿಲ ಬಳಿ ನಿಂತೇ ಇದ್ದಳು. ರಾಯಭಾರಿಯ ಮಗ ಗುರುಗುಟ್ಟುತ್ತಿದ್ದ.

ಅತ್ತಿಗೆ ಮೊದಲು ಅವನನ್ನೇ ಅನುಮಾನದಿಂದ ಬಿಡಿಸಿದರು. ಹೆಸರಿಲ್ಲದ ಸಾಲಿನಲ್ಲಿ ಅಪ್ಪನ ಕ್ಯಾಸೆಟ್ ಯಾವುದೆಂದು ಅವನಿಗೆ ತಿಳಿಯುವಂತಿರಲಿಲ್ಲ. ಕದ್ದಿದ್ದರೆ ಎಲ್ಲವನ್ನೂ ಬಾಚಿಕೊಂಡು ಹೋಗುತ್ತಿದ್ದ. ಇನ್ನು ಗೆಳತಿ ಅದೇ ಕೋಣೆಯಲ್ಲಿ ಮಲಗುವವಳು. ಅಲ್ಲೇ ಕೇಳಿಸಿಕೊಂಡು ಬರೆಯಬಹುದಿತ್ತು, ಒಯ್ಯುವ ಅಗತ್ಯವೇ ಇರಲಿಲ್ಲ. ಸಂಖ್ಯೆ ಗೊತ್ತಿದ್ದವರು, ಅಡಿಟಿಪ್ಪಣಿ ಓದಿದವರು, ಇನ್ನೊಬ್ಬರಿದ್ದರು.

"ಕದ್ದವನು ಪಕ್ಕದ್ದನ್ನ ಸರಿಸಿ ಜಾಗ ಮುಚ್ತಾನೆ. ಇಲ್ಲಿ ಜಾಗ ಹಾಗೇ ಕಾದಿಟ್ಟಿದಾರೆ" ಎಂದರು ಅತ್ತಿಗೆ. "ದಾಖಲೆ ಕೋಣೇಲಿ ಕಡತ ತೆಗೆದ್ರೆ ವಾಪಸ್ ಇಡೋವರೆಗೆ ಅದರ ಜಾಗಕ್ಕೆ ರಟ್ಟು ನಿಲ್ಲಿಸ್ಬೇಕು. ನಮ್ಮ ಆಫೀಸಲ್ಲೂ ಅದೇ ನಿಯಮ ಇತ್ತು. ಈಗಿನ ಮಕ್ಕಳಿಗೆ ಕಡತ ಮೇಜಿಗೇ ಬರುತ್ತೆ, ಅವರಿಗಿದು ಗೊತ್ತಿಲ್ಲ. ನಿಮ್ಮ ಕೈ ಮಾತ್ರ ಅಭ್ಯಾಸ ಬಿಡಲಿಲ್ಲ ಸರ್. ನೀವೇ ತಂದ ರಟ್ಟಿನ ಮೂಲೆ ಕತ್ತರಿಸಿ ನಿಲ್ಲಿಸಿದ್ರಿ. ಎರಡನ್ನೂ ಜೋಡಿಸಿ ನೋಡೋಣ್ವಾ?"

ಮೇಷ್ಟ್ರು ಕಾಲ ಬಳಿಯಿದ್ದ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡರು.

"ಜಾಗ ಕಾದಿಟ್ಟವರು ವಸ್ತು ಸುಡಲ್ಲ. ಬ್ಯಾಗಲ್ಲೇ ಇರ್ಬೇಕು" ಎಂದರು ಅತ್ತಿಗೆ.

ಇತ್ತು. ಮೇಷ್ಟ್ರು ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಅಳಿಸಲೆಂದು ಕೂತರೂ ಮನಸ್ಸು ಬರಲಿಲ್ಲ, ಪರೀಕ್ಷೆ ಮುಗಿದ ಮೇಲೆ ಅಲ್ಲೇ ತಂದಿಡುತ್ತಿದ್ದೆ ಎಂದರು.

"ನಾನು ಫೇಲಾದ ಮೇಲಾ?" ಎಂದಳು ಹುಡುಗಿ. "ನಿಮ್ಮ ಪುಸ್ತಕದ ವಿರುದ್ಧವಾದ್ರೂ ಬರಿ ಅಂದವ್ರು ನೀವೇ ಅಲ್ವಾ ಸರ್?"

"ನಿನಗೆ ಸಾಕ್ಷಿ ಸಿಗಲ್ಲ ಅಂದ್ಕೊಂಡಿದ್ದೆ ಮಗಳೇ."

ಆ ಮೇಷ್ಟ್ರ ಮೇಲೆ ಆಗ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಹುಡುಗಿ ಅವರತ್ತ ತಿರುಗಿಯೂ ನೋಡದೆ ಕ್ಯಾಸೆಟ್ ಎತ್ತಿಕೊಂಡು ಬಾಗಿಲ ಬಳಿ ಹೋಗಿ, ಗೆಳತಿಯ ಕೈ ಹಿಡಿಯಲು ನೋಡಿದಳು. ಗೆಳತಿ ಮೆಲ್ಲಗೆ ಕೈ ಹಿಂದೆಳೆದುಕೊಂಡಳು.

"ಕ್ಯಾಸೆಟ್ ಹುಡುಕೋಕೆ ನನ್ನ ಪೆಟ್ಟಿಗೇನ ನೆಲಕ್ಕೆ ಸುರಿಯೋ ಮೊದ್ಲು ಒಂದು ಮಾತು ಕೇಳ್ಬಹುದಿತ್ತು. ಬೇರೆ ಕೋಣೆ ನೋಡ್ಕೊಂಡಿದೀನಿ. ಪರೀಕ್ಷೆ ಚೆನ್ನಾಗಿ ಮಾಡು" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಆಗ ಅತ್ತಳು ಹುಡುಗಿ.