ಅರಿಶಿನದ ಖೋಲಿಯಲ್ಲಿ ಎರಡು ಕಾರ್ಡು

"ಎರಡೂ ಚಲೋನ ಅದಾವ್ರಿ. ಯಾವುದು ಹೆಚ್ಚು ಅಂದ್ರ… ಅದು ನೀವು ಹೆಂಗ ನೋಡ್ತೀರಿ ಅನ್ನೂದರ ಮ್ಯಾಲ."

ಕೌಂಟರಿನ ಆಚೆ ನಿಂತವನು ಇಷ್ಟು ಹೇಳಿ ಗಾಜು ಒರೆಸತೊಡಗಿದ.

ಅನುಜಾ ಅವನನ್ನೇ ನೋಡಿದಳು. ಇದೇ ಪ್ರಶ್ನೆಯನ್ನು ಅವಳು ಮರಾಠಿಯಲ್ಲಿ ಕೇಳಿದಾಗಲೂ ಇದೇ ಉತ್ತರ ಬಂದಿತ್ತು. ನಡುವೆ ಅಜ್ಜಿಯ ಫೋನು ಬಂತು. ಅವಳು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಇವನೂ ಕನ್ನಡಕ್ಕೆ ಹೊರಳಿದ. ಭಾಷೆ ಬದಲಾಯಿತು, ಉತ್ತರ ಮಾತ್ರ ಇದ್ದಲ್ಲೇ ಇತ್ತು.

"ನಾ ನೋಡೂದು ಒಂದ ರೀತಿ. ಹಾಕಿದ ರೊಕ್ಕಕ್ಕ ಆಟ ಹೆಂಗ ಓಡ್ತದ? ಅಷ್ಟ ಹೇಳ್ರಿ."

ಮಿರಜಿನ ಸ್ಟೇಷನ್ ರಸ್ತೆಯ ಆ ಚಿಕ್ಕ ಕಂಪ್ಯೂಟರ್ ಅಂಗಡಿ ಅನೇಕಾಂತನದು. ಕಸಬೆ ಡಿಗ್ರಜ ಎಂಬ ಊರಿನ ಜೈನರ ಮನೆಯ ಹುಡುಗ. ಗಾಜಿನ ಮೇಲೆ ಅವನು, ಪರದೆಗೆ ಆಟದ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡು ಪಕ್ಕಪಕ್ಕ ಇಟ್ಟಿದ್ದ. ಒಂದಕ್ಕೆ ಮೂರು ಫ್ಯಾನು, ಇನ್ನೊಂದಕ್ಕೆ ಎರಡು.

"ಮೂರು ಫ್ಯಾನಿಂದು ಜೋರ ಅದ. ಆಟದಾಗ ನೀರು ಬಂದ್ರ ನೀರಿನ್ಯಾಗ ಮುಗಿಲು ಕಾಣಿಸ್ತದ, ಫ್ರೇಮೂ ಹೆಚ್ಚು ಬರ್ತಾವ, ಚಿತ್ರ ಜಗ್ಗದ ಓಡ್ತದ. ಎರಡು ಫ್ಯಾನಿಂದು ಸ್ವಲ್ಪ ಹಿಂದ. ಆದ್ರ ಬೆಲಿ ಭಾಳ ಕಡಿಮಿ, ಕರೆಂಟೂ ಕಡಿಮಿ ತಿಂತದ. ಹಿಂಗಾಗಿ ಒಂದ ಕಡೆಯಿಂದ ನೋಡಿದ್ರ…"

"ಇನ್ನೊಂದ ಕಡೆಯಿಂದ ನೋಡಬ್ಯಾಡ್ರಿ. ನಿಮಗ ಅಂಗಡಿ ಇಡಾಕ ಯಾರು ಹೇಳಿದ್ರು?"

ಅವನಿಗೆ ಸಿಟ್ಟು ಬರಲಿಲ್ಲ. ನಕ್ಕ.

"ಎಲ್ಲಾ ಕಡೆಯಿಂದ ನೋಡು ಅಂತ ನಮ್ಮ ಅಜ್ಜಾರು ಹೆಸರ ಅನೇಕಾಂತ ಅಂತ ಇಟ್ಟಾರ್ರಿ. ತಪ್ಪು ಅವರದು."

ಅನುಜಾಳಿಗೂ ನಗು ಬರುತ್ತಿತ್ತು, ತಡೆದುಕೊಂಡಳು. ನಗುವಷ್ಟು ಪುರುಸೊತ್ತು ಅವಳಿಗೆ ಎಲ್ಲಿತ್ತು?

ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅವಳ ಅಪ್ಪ ಓಂಪ್ರಕಾಶ ಅವರದು ಅರಿಶಿನದ ಅಡತಿ, ಅಂದರೆ ದಲಾಲಿ ವ್ಯಾಪಾರ. ಅಂಗಡಿಗೆ ಹೊಂದಿಕೊಂಡು, ರಸ್ತೆಗೆ ಮುಖ ಮಾಡಿ ಒಂದು ಖೋಲಿ ಖಾಲಿ ಬಿದ್ದಿತ್ತು. ಅದರಲ್ಲಿ ಗೇಮಿಂಗ್ ಪಾರ್ಲರ್ ತೆರೆಯಬೇಕು ಎಂದು ಅನುಜಾ ಹಟ ಹಿಡಿದಿದ್ದಳು. ಕೊರಿಯರಿನವರೊಬ್ಬರು ಅದೇ ಖೋಲಿಯನ್ನು ಬಾಡಿಗೆಗೆ ಕೇಳುತ್ತಿದ್ದರು.

"ತಿಂಗಳ ಮುಗಿಯೂದ್ರಾಗ ನಿನ್ನ ಮಾಲು ನಿನಗ ತಿಳೀತದ ಅಂತ ತೋರಸು," ಎಂದಿದ್ದರು ಅಪ್ಪ. "ಖೋಲಿ ನಿಂದು. ತಿಳೀಲಿಲ್ಲಂದ್ರ ಕೊರಿಯರದವರದು."

ಕಾಲೇಜಿನ ದಿನಗಳಲ್ಲಿ ಅವಳು ಆಡಲು ಹೋಗುತ್ತಿದ್ದ ಜಾಗವೊಂದಿತ್ತು. ಕೂತ ಕೂಡಲೇ ಬೆನ್ನ ಹಿಂದೆ ಹುಡುಗರು ಬಂದು ನಿಲ್ಲುತ್ತಿದ್ದರು. ಕುರ್ಚಿಯ ಮೇಲೆ ಕೈ ಊರಿ, "ಬಾಜೂಕ ಸರಿ, ನಾ ಆಡಿ ತೋರಸ್ತೀನಿ" ಎನ್ನುತ್ತಿದ್ದರು. ಗೆದ್ದರೂ ಸಮಾಧಾನವಿಲ್ಲ, ಸೋತರಂತೂ ಕೇಳುವುದೇ ಬೇಡ.

ತನ್ನ ಖೋಲಿಯಲ್ಲಿ ಎಲ್ಲ ಕುರ್ಚಿಗಳ ಬೆನ್ನು ಗೋಡೆಗೆ ಇರಬೇಕು. ಆಡುವ ಹುಡುಗಿಯ ಹಿಂದೆ ಯಾರಿಗೂ ನಿಲ್ಲಲು ಜಾಗವಿರಬಾರದು. ಇಷ್ಟೇ ಅವಳ ಕನಸು.

"ನೀವು ತೋರಿಸಿದ ರಿವ್ಯೂ ಎಲ್ಲಾ ಎಸಿ ಖೋಲ್ಯಾಗ ಮಾಡಿದ್ದು," ಎಂದಳು ಅನುಜಾ. "ನಮ್ಮಲ್ಲಿ ಕೊಂಬು ಮುರದು ಒಳಗಿನ ಬಣ್ಣ ನೋಡದ ಅರಿಷಿಣ ಕೊಳ್ಳೂದಿಲ್ಲ. ಎರಡೂ ತಗೊಂಡ ಬರ್ರಿ. ನನ್ನ ಖೋಲ್ಯಾಗ, ನಮ್ಮ ಬಿಸಲಿನ್ಯಾಗ ಓಡಿಸಿ ನೋಡೂಣು."

"ಇವನ್ನೂ ಮುರದು ನೋಡ್ತೀರೇನ್ರಿ?"

"ನೀವು ಸುಳ್ಳು ಹೇಳಿದ್ರ ನೋಡ್ತೀನಿ."

* * *

ಅವನು ಬಂದದ್ದು ರಿಕ್ಷಾದಲ್ಲಿ. ಎರಡು ಮಷೀನುಗಳನ್ನು ಕೌದಿಯಲ್ಲಿ ಸುತ್ತಿ, ಎರಡೂ ತೋಳಲ್ಲಿ ತಬ್ಬಿಕೊಂಡು ಕೂತಿದ್ದ.

"ಅಯ್ಯ, ಅವಳಿ ಕೂಸು ತಂದಾನ ನೋಡು," ಎಂದರು ಅಜ್ಜಿ ಗುರುಶಾಂತವ್ವ.

ಕಾರ್ಡು ಒಂದನ್ನು ಬಿಟ್ಟರೆ ಎರಡು ಮಷೀನೂ ಥೇಟ್ ಒಂದೇ. ಯಾವುದರೊಳಗೆ ಯಾವ ಕಾರ್ಡು ಎಂದು ಹೇಳದೆ ಅಜ್ಜಿಯನ್ನೇ ಮೊದಲು ಆಡಲು ಕೂರಿಸಿದರು. ಕಾರಿನ ಆಟ. ಅಜ್ಜಿ ಒಂದರಲ್ಲಿ ಓಡಿಸಿದರು, ಇನ್ನೊಂದರಲ್ಲಿ ಓಡಿಸಿದರು, ಕನ್ನಡಕ ತೆಗೆದು ತೀರ್ಪು ಕೊಟ್ಟರು.

"ಏನೂ ಫರಕ ಇಲ್ಲ. ಎರಡೂ ಗಾಡಿ ಹಳ್ಳಕ್ಕ ಬಿದ್ದುವು."

ಆಮೇಲೆ ಅವನು ದಿನಾ ನೆತ್ತಿಯ ಬಿಸಿಲು ದಾಟಿದ ಮೇಲೆ ಬರತೊಡಗಿದ. ಒಂದು ಆಟ ಹಾಕುವುದು, ಪರದೆಯ ಮೂಲೆಯಲ್ಲಿ ಓಡುವ ಫ್ರೇಮಿನ ಅಂಕಿ ನೋಡುವುದು, ವಾದ ಮಾಡುವುದು. ಅವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಊಟ. ಆದ್ದರಿಂದ ಬಿಸಿಲು ಇಳಿಯುತ್ತಿದ್ದಂತೆ ಅವನು ಹೊರಡಲು ಚಡಪಡಿಸುತ್ತಿದ್ದ. ಅಜ್ಜಿ ಅದನ್ನು ಗಮನಿಸಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಥಾಲಿಪೀಠ ಮಾಡಿ ತರಲು ಶುರು ಮಾಡಿದರು. ಆಗ ಅವನು ಇನ್ನಷ್ಟು ಹೊತ್ತು ಕೂರತೊಡಗಿದ.

'ಅಜ್ಜಿ ಯಾಕೆ ಇಷ್ಟು ಉಪಚಾರ ಮಾಡ್ತಾರೆ?' ಎಂದುಕೊಳ್ಳುತ್ತಿದ್ದ ಅನುಜಾ, ಅವನು ಬಾರದ ಒಂದು ದಿನ ತಾನೇ ನಾಲ್ಕಾರು ಸಲ ಬಾಗಿಲಿಗೆ ಹೋಗಿ ಬಂದಳು.

ಸ್ಕ್ರೂ ಬಿಗಿಯುವಾಗ ಅವನು ನಾಲಿಗೆಯ ತುದಿಯನ್ನು ಹಲ್ಲಲ್ಲಿ ಹಿಡಿಯುತ್ತಿದ್ದ. ಅವಳು ಗೆದ್ದಾಗ ಏನೂ ಹೇಳದೆ ತನ್ನ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ಕೂರುತ್ತಿದ್ದ. ಇಂಥವೆಲ್ಲ ಅವಳಿಗೆ ಯಾಕೆ ನೆನಪಿರುತ್ತಿದ್ದವೋ…

ಒಂದು ದಿನ ಮಷೀನಿನ ಮುಚ್ಚಳ ತೆಗೆದಾಗ ಫ್ಯಾನಿನ ತುಂಬ ಹಳದಿ ಧೂಳು. ಅವನು ಊದಿದ, ಸೀನಿದ, ಮೂಗೆಲ್ಲ ಹಳದಿಯಾಯಿತು.

"ಮದಿಮಗ ಕಂಡಂಗ ಕಾಣ್ತಿ ತಮ್ಮಾ," ಎಂದರು ಗುರುಶಾಂತವ್ವ.

ಇಬ್ಬರೂ ಒಮ್ಮೆಲೇ ಫ್ಯಾನು ಒರೆಸಲು ಬಗ್ಗಿದರು. ಸುಮಾರು ಹೊತ್ತು ಯಾರೂ ತಲೆ ಎತ್ತಲಿಲ್ಲ.

ಅಂದೇ ಅವನು ಮಾತಿಗೆ ಹೇಳಿದ್ದ. "ಮಿರಜಿನ ಅಂಗಡಿ ಭಾಳ ಸಣ್ಣದಾಗೇದ್ರಿ. ಸಾಂಗ್ಲ್ಯಾಗ ರಸ್ತಾದ ಮ್ಯಾಲ ಒಂದು ಖೋಲಿ ಹುಡಕಾಕ ಹತ್ತೇನಿ."

ಆ ಮಾತು ಆಗ ಅವಳಿಗೆ ಖುಷಿಯನ್ನೇ ಕೊಟ್ಟಿತ್ತು.

* * *

ಚಹಾ ತಂದ ಅನುಜಾ ಬಾಗಿಲಲ್ಲೇ ನಿಂತಳು.

ಒಳಗೆ ಅಪ್ಪ ಮತ್ತು ಅನೇಕಾಂತ ಚೀಲಗಳ ಮೇಲೆ ಎದುರುಬದುರು ಕೂತಿದ್ದರು. ಇಬ್ಬರ ಬಲಗೈ ಮೇಲೆ ಅಪ್ಪನ ಟವೆಲ್ ಹಾಸಿತ್ತು.

ಅರಿಶಿನದ ಮನೆಯ ಮಗುವಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಈಗ ಯಾರ್ಡಿನಲ್ಲಿ ಸವಾಲು ಬಾಯಿಂದಲೇ ಕೂಗುತ್ತಾರೆ. ಆದರೆ ಹಳಬರು ತಮ್ಮತಮ್ಮಲ್ಲಿ ಇಂದಿಗೂ ಟವೆಲ್ಲಿನ ಕೆಳಗೆ ಬೆರಳು ಒತ್ತಿ ಬೆಲೆ ಆಡುತ್ತಾರೆ. ಎಷ್ಟು ಒತ್ತಿದರು, ಎಷ್ಟಕ್ಕೆ ಒಪ್ಪಿದರು ಎಂಬುದು ಆ ಇಬ್ಬರಿಗೇ ಗೊತ್ತು. ಡಿಗ್ರಜದಿಂದ ಅರಿಶಿನ ತಂದು ಮಾರುತ್ತಿದ್ದವರ ಮೊಮ್ಮಗ ಅನೇಕಾಂತ, ಅವನಿಗೂ ಗೊತ್ತಿರಲೇಬೇಕು.

"ರಸ್ತಾಕ್ಕ ಹತ್ತಿದ ಖೋಲಿ," ಎನ್ನುತ್ತಿದ್ದರು ಅಪ್ಪ. "ದುಕಾನಕ್ಕ ಭಾರಿ ಜಾಗಾ. ಇಚಾರ ಮಾಡು."

ಅನೇಕಾಂತ ಕೈ ಹೊರಗೆ ತೆಗೆದ. ನಕ್ಕು, ನಮಸ್ಕಾರ ಮಾಡಿದ.

ಅಪ್ಪ ಎದ್ದು ಹೋಗುವವರೆಗೆ ಅನುಜಾ ಕಾದಳು. ಚಹಾದ ಕಪ್ಪು-ಬಸಿಗಳನ್ನು ಚೀಲದ ಮೇಲೆ ಇಟ್ಟಳು.

"ಎಷ್ಟಕ್ಕ ಆತು?"

"ಏನ್ರಿ?"

"ನನ್ನ ಖೋಲಿ. ಟವೆಲ್ ಕೆಳಗ ಕೈ ಹಾಕಿದ್ದು ನಾ ಕಣ್ಣಾರೆ ನೋಡೇನಿ."

ಅವನ ಮುಖ ಬಾಡಿತು. "ಅದನ್ನ ನಿಮ್ಮಪ್ಪಾರನ್ನ ಕೇಳ್ರಿ. ಅವರು ಹಿರ್ಯಾರು, ಅವರ ಟವೆಲ್. ಅದರ ಕೆಳಗಿನ ಮಾತು ನಾ ಹೊರಗ ಹಾಕಬಾರದು."

"ಖೋಲಿ ಮಾತು ಹೌದೋ ಅಲ್ಲೋ? ಅಷ್ಟ ಹೇಳ್ರಿ."

ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

'ಕಾರ್ಡಿನ ನೆಪದಲ್ಲಿ ಬಂದ. ಖೋಲಿಯ ಗೋಡೆ, ಬಾಗಿಲು, ಬಿಸಿಲು ಎಲ್ಲ ಅಳೆದುಕೊಂಡ. ನಾನೇ ಕರೆದು ತೋರಿಸಿದೆ…'

"ಇನ್ನ ಮ್ಯಾಲ ಬರಬ್ಯಾಡ್ರಿ. ಮಷೀನೂ ತಗೊಂಡ ಹೋಗ್ರಿ."

ಅವನು ಬಾಗಿಲವರೆಗೆ ಹೋಗಿ ತಿರುಗಿದ.

"ಮಷೀನು ಇರ್ಲಿ. ನಿಮ್ಮ ಪರೀಕ್ಷಾ ಇನ್ನೂ ಮುಗದಿಲ್ಲ."

* * *

ಅನುಜಾ ಅತ್ತಳು, ಅತ್ತು ಮುಖ ತೊಳೆದಳು. ಅಪ್ಪನನ್ನು ಏನೂ ಕೇಳಲಿಲ್ಲ. ಅವರು ಕೊಟ್ಟ ತಿಂಗಳ ಮಾತಿಗೆ ಇನ್ನೂ ಅವಧಿ ಇತ್ತು. ಮಾತು ಮುರಿಯುವುದಾದರೆ ಅಪ್ಪನೇ ತನ್ನೆದುರು ಮುರಿಯಲಿ. ಮರುದಿನ ಬಿಸಿಲು ನೆತ್ತಿಗೇರುವ ಹೊತ್ತಿಗೆ ಖೋಲಿಯ ಶಟರ್ ಅರ್ಧ ಎಳೆದು ಕೂತಳು.

ಅವಳ ಮನಸ್ಸು ಮೊದಲಿನಿಂದಲೂ ಮೂರು ಫ್ಯಾನಿನ ಕಾರ್ಡಿನ ಮೇಲಿತ್ತು. ಬೆನ್ನ ಹಿಂದೆ ನಿಲ್ಲುತ್ತಿದ್ದ ಆ ಹುಡುಗರು ಒಮ್ಮೆ ಬಂದು ನೋಡಿ ಬೆರಗಾಗಬೇಕು ಎಂಬ ಆಸೆ. ಆಟ ಶುರುವಾದಾಗ ಅದು ಹಾರಿಯೇ ಹಾರಿತು. ನೀರಿನಲ್ಲಿ ಮುಗಿಲು, ಮುಗಿಲಿನಲ್ಲಿ ಹಕ್ಕಿ.

ತಗಡಿನ ಮಾಡು ಕಾಯತೊಡಗಿತು. ಖೋಲಿ ಒಲೆಯಂತಾಯಿತು. ಮೂರು ಫ್ಯಾನೂ ಏದುಸಿರು ಬಿಡತೊಡಗಿದವು. ಮೂಲೆಯ ಅಂಕಿ ಇಳಿಯಿತು, ಇನ್ನೂ ಇಳಿಯಿತು. ಗುರಿ ಇಟ್ಟು ಹೊಡೆಯುವ ಕ್ಷಣಕ್ಕೇ ಪರದೆ ಜಗ್ಗಿ ನಿಂತಿತು.

ಪಕ್ಕದ ಎರಡು ಫ್ಯಾನಿನದು ಮಾತ್ರ ಮೊದಲಿಗೆ ಹೇಗಿತ್ತೋ ಹಾಗೇ ಓಡುತ್ತಿತ್ತು.

ಮಷೀನಿನದೇ ದೋಷವಿದ್ದರೆ? ಮುಚ್ಚಳ ಬಿಚ್ಚಿ ತನ್ನ ಕೈಯಾರೆ ಕಾರ್ಡುಗಳನ್ನು ಅದಲುಬದಲು ಮಾಡಿದಳು. ಅವಳಿಗೆ ಅದು ಮೊದಲ ಸಲ. ಮರುದಿನ ಅದೇ ಬಿಸಿಲು, ಅದೇ ಆಟ. ಫಲವೂ ಅದೇ.

ದೊಡ್ಡ ಕಾರ್ಡಿನದು ತಪ್ಪಿಲ್ಲ. ತಂಪು ಖೋಲಿಯಲ್ಲಿ ಅದು ರಾಜ. ಈ ಖೋಲಿ ಅದರದಲ್ಲ, ಅಷ್ಟೇ. ಆಸೆಪಟ್ಟಿದ್ದನ್ನು ಅವಳು ಅಲ್ಲಿಗೆ ಕೈಬಿಟ್ಟಳು.

ಅಪ್ಪನನ್ನು ಕರೆದು ಬೆವರುವಷ್ಟು ಹೊತ್ತು ಎರಡರ ಎದುರೂ ಕೂರಿಸಿದಳು.

"ಕಣ್ಣಿಗೆ ಚೆಂದ ಕಾಣೂದು ಬಿಟ್ಟು ಸಣ್ಣದು ಯಾಕ?" ಓಂಪ್ರಕಾಶ ಮಾಲು ನೋಡುವ ದನಿಯಲ್ಲೇ ಕೇಳಿದರು.

"ಚೆಂದ ಮೊದಲಿಗಷ್ಟ ಅದ ಅಪ್ಪಾ. ಒಂದು ಹುಡುಗಿ ಗೆಲ್ಲೂ ಹೊತ್ತಿಗೆ ಪಡದಿ ಜಗ್ಗಿದ್ರ ಅಕಿ ಮತ್ತ ಬರೂದಿಲ್ಲ. ಇದು ಕಡೀತನಕ ಒಂದ ನಮೂನಿ ಓಡ್ತದ. ಉಳಿದ ರೊಕ್ಕದಾಗ ಇನ್ನೊಂದು ಮಷೀನು ಹಾಕ್ತೀನಿ, ಧೂಳು ತಡಿಯೂ ಜಾಳಗಿ ಹಾಕ್ತೀನಿ."

ಅಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಆತು. ಖೋಲಿ ನಿಂದು."

"ಮತ್ತ… ಅವಗ ಕೊಟ್ಟೀರಲ್ಲ?"

"ಯಾರಿಗೆ?"

"ಅನೇಕಾಂತಗ. ಟವೆಲ್ ಕೆಳಗ."

ಓಂಪ್ರಕಾಶ ಮಗಳನ್ನು ನೋಡಿದರು. ಮೆಲ್ಲಗೆ ನಕ್ಕರು.

"ಕೇಳಿದಾವ ಅವ ಅಲ್ಲ ಪೋರಿ, ನಾನು. ಭಾಡಗಿ ಭಾಳ ಕಡಿಮಿ ಮಾಡಿ ಬೆರಳ ಒತ್ತಿದೆ. ನಿನಗ ಮಷೀನು ಮಾರಾವ ನಿನ್ನ ಖೋಲಿ ಮ್ಯಾಲ ಕಣ್ಣಿಟ್ಟಾನೇನು ನೋಡಬೇಕಿತ್ತು."

"ಅವರು…?"

"ಮುಷ್ಟಿ ಕಟ್ಟಿದ. ಒಂದು ಬೆರಳೂ ಕೊಡಲಿಲ್ಲ."

ಮುಚ್ಚಿದ ಮುಷ್ಟಿ ಎಂದರೆ ಯಾವ ಬೆಲೆಗೂ ಬೇಡ ಎಂದು. ಅನುಜಾಳಿಗೆ ಅದನ್ನೂ ಯಾರೂ ಹೇಳಿಕೊಡಬೇಕಿರಲಿಲ್ಲ.

"ಬೈದು ಕಳಿಸಿದಿ, ಹೌದಿಲ್ಲೋ?" ಗುರುಶಾಂತವ್ವ ಮೂಲೆಯಿಂದ ಕೇಳಿದರು. "ಹೋಗು ಈಗ. ಬಿಸಲು ಅದ ಅಂತ ನಿಂದ್ರಬ್ಯಾಡ."

* * *

ಮಿರಜಿನ ಅಂಗಡಿಯ ಮುಂದೆ ಅನೇಕಾಂತ ಗಾಲಿ ಹಚ್ಚಿದ ಹೊಸ ಗೇಮಿಂಗ್ ಕುರ್ಚಿಯೊಂದರ ಪ್ಲಾಸ್ಟಿಕ್ ಬಿಚ್ಚುತ್ತಿದ್ದ. ಪಕ್ಕದ ಕಟ್ಟೆಯ ಮೇಲೆ ಸಿತಾರ್ ಮಾಡುವ ಮುದುಕರೊಬ್ಬರು ಕುಂಬಳದ ಬುರುಡೆ ಹೆರೆಯುತ್ತಿದ್ದರು.

ಸ್ಕೂಟಿ ನಿಲ್ಲಿಸಿದ ಅನುಜಾ ಮೂರು ಫ್ಯಾನಿನ ಕಾರ್ಡನ್ನು ಅವನ ಕೈಗಿತ್ತಳು.

"ಇದು ಬ್ಯಾಡ. ಎರಡು ಫ್ಯಾನಿಂದು ಬೇಕು. ಬಿಸಲಿನ್ಯಾಗ ನೋಡಿದೆ, ಅದಲುಬದಲು ಮಾಡೀನೂ ನೋಡಿದೆ."

"ನೀವ ಬಿಚ್ಚಿದ್ರಿ?" ಅವನ ಕಣ್ಣು ಅರಳಿದವು.

"ನಾನ ಬಿಚ್ಚಿದೆ. ಮತ್ತ… ಮುಷ್ಟಿ ಕಟ್ಟಿದ್ದು ಅಪ್ಪಾ ಹೇಳಿದ್ರು. ನೀವು ಯಾಕ ಹೇಳಲಿಲ್ಲ?"

"ಹಿರ್ಯಾರ ಮಾತು. ಅದೂ ಅಲ್ಲದ, ನಿಮ್ಮ ಸಲುವಾಗಿ ಬ್ಯಾಡ ಅಂದೆ ಅಂತ ನಾನ ಹೇಳಿದ್ರ, ಉಪಕಾರ ಹೊರಿಸಿದಂಗ ಆಗ್ತಿತ್ತು."

"ನಿಮಗ ಜಾಗಾ ಬೇಕಿತ್ತಲ್ಲ."

"ಬೇಕಿತ್ತು. ಈಗೂ ಬೇಕು. ಆದ್ರ ಕುರ್ಚಿ ಎಲ್ಲೆಲ್ಲಿ ಬರ್ತಾವ ಅಂತ ನೀವು ನೆಲದ ಮ್ಯಾಲ ಖಡುವಿಲೆ ಬಿಳಿ ಗೆರಿ ಎಳದು ತೋರಿಸಿದ್ರಿ. ಅದರ ಮ್ಯಾಲ ನಾ ಕೌಂಟರ್ ಹಾಕ್ಲೇನು?"

ಅನುಜಾಳ ಕಣ್ಣು ತುಂಬಿದವು. ಒರೆಸಿಕೊಳ್ಳಲಿಲ್ಲ.

"ನಾ ತಪ್ಪು ತಿಳಕೊಂಡೆ. ತಪ್ಪಾತು."

"ಬೈದದ್ದು ಏನೂ ಅನಸಲಿಲ್ಲ. ಬರಬ್ಯಾಡ್ರಿ ಅಂದದ್ದು ಮಾತ್ರ…" ಅವನು ಕುರ್ಚಿಯ ಕೈ ಹಿಡಿದು ನಿಂತ.

ಅವಳು ಒಮ್ಮೆ ಉಸಿರು ಎಳೆದುಕೊಂಡಳು.

"ಹಂಗಾರ ಕೇಳ್ರಿ. ನನಗ ನೀವು ಬೇಕು. ನಾವು ಲಿಂಗಾಯತರು, ನೀವು ಜೈನರು. ಎರಡೂ ಮನ್ಯಾಗ ಮಾತು ಬರ್ತಾವ. ಬರ್ಲಿ. ನಮ್ಮ ಮನ್ಯಾಗ ನಾ ಮಾತಾಡ್ತೀನಿ. ನಿಮ್ಮ ಮನ್ಯಾಗ ಮಾತಾಡೂ ಧೈರ್ಯ ನಿಮಗ ಅದ ಏನು?"

ಪಕ್ಕದಲ್ಲಿ ಬುರುಡೆ ಹೆರೆಯುವ ಸದ್ದು ನಿಂತಿತ್ತು.

"ಅವ್ವಗ ಹೇಳಿ ಆಗೇದ್ರಿ," ಎಂದ ಅನೇಕಾಂತ. "ನೀವು ಬರಬ್ಯಾಡ್ರಿ ಅಂದ ದಿನಾನ ಹೇಳೇನಿ. ಇನ್ನ ಬ್ಯಾರೆ ಯಾರನ್ನೂ ನೋಡಬ್ಯಾಡ, ನನ್ನ ಮನಸು ಅಲ್ಲೇ ಅದ ಅಂತ."

ಅನುಜಾ ಅಳುತ್ತಲೇ ನಕ್ಕಳು.

"ಮತ್ತ ಇನ್ನೂ 'ರಿ' ಹಚ್ಚಾಕ ಹತ್ತೀಯಲ್ಲ."

"ಗಿರಾಕಿಗೆ ಹಚ್ಚಬೇಕಾಗ್ತದ."

"ನಾ ಗಿರಾಕಿ ಏನು ನಿನಗ?"

"ಅಲ್ಲ…" ಅವನು ಕುರ್ಚಿ ಬಿಟ್ಟು ಅವಳ ಕೈ ಹಿಡಿದ. "ಬಾ ಅನುಜಾ. ಒಳಗ ಬಾ."

ಬಿಟ್ಟ ಕುರ್ಚಿ ರಸ್ತೆಯ ಇಳಿಜಾರಿಗೆ ತಾನಾಗಿ ಉರುಳಿತು. ಹೋಗಿ ಪಕ್ಕದ ಕಟ್ಟೆಗೆ ಮೆತ್ತಗೆ ತಾಗಿ ನಿಂತಿತು. ಸಿತಾರಿನ ಮುದುಕರು ಅತ್ತಿತ್ತ ನೋಡಿದರು, ಮಡಿಲಲ್ಲಿದ್ದ ಹೊಟ್ಟು ಝಾಡಿಸಿದರು, ಬುರುಡೆ ಎತ್ತಿಕೊಂಡು ಕುರ್ಚಿಯಲ್ಲಿ ಕೂತು ಒರಗಿದರು. ಒಂದು ಅರ್ಧ ಸುತ್ತು ತಿರುಗಿ ನೋಡಿ, ಅಲ್ಲೇ ಮತ್ತೆ ಹೆರೆಯತೊಡಗಿದರು.