ಇಪ್ಪತ್ಮೂರು ನಿಮಿಷ ಬಾಕಿ

"ಮೊದ್ಲು ಅದರ ಬಾಗಿಲು ತೆಗೀರಿ. ಆಮ್ಯಾಲ ಏನು ಬೇಕಾದ್ರೂ ರಿಪೇರಿ ಮಾಡ್ಕೊಳ್ರಿ."

ಹೆಗಲ ಬ್ಯಾಗು ಕೆಳಗಿಡುವುದಕ್ಕೂ ಬಿಡದೆ ಹೀಗೆ ಗದರಿದವಳನ್ನು ಜಂಬುನಾಥ ತಲೆಯೆತ್ತಿ ನೋಡಿದ. ಹಣೆ ತುಂಬ ಬೆವರು, ಮೊಣಕೈವರೆಗೆ ಮಡಚಿದ ತೋಳು, ಭುಜದ ಹತ್ತಿರ ಒಣಗಿದ ಸೆಗಣಿಯ ಕಲೆ. ಆದರೆ ಆ ಕಣ್ಣು... ಬಳ್ಳಾರಿಯಿಂದ ಕುರುಗೋಡಿಗೆ ತಾನು ಯಾಕೆ ಬಂದೆ ಎನ್ನುವುದೇ ಅವನಿಗೆ ಒಂದು ಗಳಿಗೆ ಮರೆತುಹೋಯಿತು.

"ಒಳಗ ನೀರು ಐತ್ರಿ ಮೇಡಂ," ಎಂದ ಮೆಲ್ಲಗೆ. "ನೀರು ಇರೋತನಕ ಅದು ಬಾಗಿಲು ಬಿಡಂಗಿಲ್ಲ."

"ನನ್ನ ಎರಡೂ ಕೋಟು ಒಳಗೇ ಅದಾವ. ನಾಳಿ ದನಗಳಿಗೆ ಲಸಿಕಿ ಹಾಕೋ ಕ್ಯಾಂಪು ಐತಿ. ಏನು ಹಾಕ್ಕೊಂಡು ಹೋಗ್ಲಿ?"

ಅಂಜನಾ ಕುರುಗೋಡಿನ ಪಶು ಆಸ್ಪತ್ರೆಯಲ್ಲಿ ಪಶುವೈದ್ಯಕೀಯ ಪರೀಕ್ಷಕಿ, ಊರಿನವರ ಬಾಯಲ್ಲಿ ಡಾಕ್ಟ್ರಮ್ಮ. ಎಮ್ಮೆಯ ಹೊಟ್ಟೆಗೆ ಕೈ ಹಾಕಿ ಅಡ್ಡ ಸಿಕ್ಕ ಕರುವನ್ನು ಎಳೆದು ತೆಗೆದವಳು. ಅಂಥವಳಿಗೆ ತನ್ನದೇ ಕೋಟನ್ನು ತನ್ನದೇ ಮನೆಯ ವಾಷಿಂಗ್ ಮಷೀನಿನಿಂದ ತೆಗೆಯಲಾಗದಿದ್ದರೆ ಸಿಟ್ಟು ಬರದೆ ಇನ್ನೇನು?

ಮಷೀನು ತಂದು ಎರಡು ತಿಂಗಳೂ ತುಂಬಿರಲಿಲ್ಲ. ಬೆಳಿಗ್ಗೆ ಬಟ್ಟೆ ಹಾಕಿ, ಗುಂಡಿ ಒತ್ತಿ ಕೆಲಸಕ್ಕೆ ಹೋಗುತ್ತಿದ್ದಳು. ಬಟ್ಟೆ ಒಗೆದುಕೊಳ್ಳುವುದು, ಸೋಪಿನ ನೀರು ಹೊರಗೆ ಬಿಡುವುದು, ಅಲ್ಲಿಯವರೆಗೆ ಎಲ್ಲ ಸರಿ. ಜಾಲಿಸುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಸಂಜೆ ಬಂದು ನೋಡಿದರೆ ಅದರ ಮುಖದ ಮೇಲೆ ಒಂದೇ ಅಂಕಿ: ಇಪ್ಪತ್ಮೂರು ನಿಮಿಷ ಬಾಕಿ.

ಅಷ್ಟರಲ್ಲಿ ಅವ್ವ ಕೊಟ್ರಬಸಮ್ಮ ಹಿತ್ತಲಿನಿಂದ ಸೆರಗಿಗೆ ಕೈ ಒರೆಸುತ್ತ ಬಂದರು.

"ಬಿಸಲಾಗ ಬಂದೀಯಪ್ಪಾ. ಮೊದ್ಲು ಹಿತ್ತಲಕ್ಕ ಹೋಗಿ ಕೈಕಾಲು ತೊಳಕೊ. ನಲ್ಲಿ ಬಿಟ್ಟೀನಿ. ಚಾ ಇಡ್ತೀನಿ."

ಹೊರಗಿನಿಂದ ಬಂದವರ ಕಾಲಿಗೆ ನೀರು ಬೀಳುವ ಮೊದಲು ಆ ಮನೆಯಲ್ಲಿ ಯಾವ ಮಾತೂ ನಡೆಯುವಂತಿರಲಿಲ್ಲ. ಜಂಬುನಾಥ ಕಾಲು ತೊಳೆದು ಬಂದು ಕೂತ. ನೀರಿನ ಪೈಪು ಕಳಚಿ ನೋಡಿದ, ನೀರು ಭರ್ ಎಂದು ಬಂತು. ಜಾಲರಿ ಉಜ್ಜಿದ, ಕೊಳೆ ನೀರು ಹೋಗುವ ಪೈಪನ್ನು ಊದಿ ನೋಡಿದ, ಮತ್ತೆ ಜೋಡಿಸಿ ಗುಂಡಿ ಒತ್ತಿದ.

ಇಪ್ಪತ್ತೆರಡು... ಇಪ್ಪತ್ತೊಂದು... ಮಷೀನು ಏನೂ ಆಗಿಲ್ಲವೆಂಬಂತೆ ತಿರುಗತೊಡಗಿತು.

"ಏನಾಗಿತ್ರಿ ಅದಕ್ಕ?"

"ಏನೂ ಆಗಿಲ್ರಿ."

"ಏನೂ ಆಗದನ ನಿಲ್ತೈತೇನು?"

"ಅದೇ ನನಗೂ ತಿಳೀವಲ್ದು ನೋಡ್ರಿ," ಎಂದು ಅವನು ನಕ್ಕ.

ಅಂಜನಾಳ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ತಿಳಿಯದು ಎಂದು ಬಾಯಿಬಿಟ್ಟು ಹೇಳುವ ಮೆಕ್ಯಾನಿಕ್‌ನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಐದು ದಿನ ಕಳೆಯಿತು. ಮತ್ತೆ ಇಪ್ಪತ್ಮೂರು.

ಮತ್ತೆ ಜಂಬುನಾಥ ಬಂದ, ಮತ್ತೆ ಕಾಲು ತೊಳೆದ, ಮತ್ತೆ ಮಷೀನು ಓಡಿತು. ಈ ಸಲ ಅದು ಕೊನೆಯವರೆಗೆ ಓಡುವುದನ್ನು ನೋಡಿಯೇ ಹೋಗುತ್ತೇನೆ ಎಂದು ಕೂತ. ಕೂತ ಮೇಲೆ ಮಾತು ಬಾರದಿರುತ್ತದೆಯೇ?

"ನನ್ನ ಕೆಲಸ ಬಿಡ್ರಿ, ನಿಮ್ಮ ದನ ಎಲ್ಲಿ ನೋವು ಅಂತ ಹೇಳಂಗಿಲ್ಲ. ಹೆಂಗ ಕಂಡುಹಿಡೀತೀರಿ?" ಎಂದು ಕೇಳಿದ.

"ಆಸ್ಪತ್ರಿಗೆ ಹೊಡ್ಕೊಂಡು ಬಂದ್ರ ತಿಳಿಯಂಗಿಲ್ರಿ. ಅದರ ಕೊಟ್ಟಿಗಿಗೇ ಹೋಗಿ ಸುಮ್ನ ಕೂಡಬೇಕು. ಯಾರು ಮೇವು ಹಾಕ್ತಾರ, ಯಾರು ಹತ್ತಿರ ಬಂದ್ರ ಬೆದರ್ತೈತಿ... ಅರ್ಧ ರೋಗ ಅಲ್ಲೇ ಕಾಣ್ತೈತಿ."

ಅವನು ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಇಷ್ಟು ದಿನ ಹೆಣ್ಣು ನೋಡಲು ಬಂದವರೆಲ್ಲ ಸೆಗಣಿಯ ಕೆಲಸ ಎಂದರೆ ಮೂಗು ಮುರಿದವರೇ. ಇವನಿಗೆ ಮಾತ್ರ ಇನ್ನೂ ಕೇಳಬೇಕೆನ್ನಿಸುತ್ತಿದೆ. ಅಂಜನಾಳ ಎದೆಯಲ್ಲಿ ಏನೋ ಹಿತವಾಗಿ ಅಲುಗಾಡಿತು.

ಮೂರನೇ ಸಲ ಅವನು ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವಳೂ ಆ ದಿನ ಜಡೆಗೆ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಿದ್ದಳು. ಮಷೀನನ್ನು ಯಾರೂ ಸರಿಯಾಗಿ ನೋಡಲಿಲ್ಲ ಎಂದರೆ ಅದು ಪೂರ್ತಿ ಸುಳ್ಳಲ್ಲ. ಹೋಗುವಾಗ ಅವನು ವಾರಂಟಿ ಕಾರ್ಡಿನಲ್ಲಿ ಏನೋ ಬರೆದು, ಅವಸರದಲ್ಲಿ ಮಡಚಿ ಅವಳ ಕೈಗಿಟ್ಟ.

ಎರಡೇ ದಿನ. ಮಷೀನು ಮತ್ತೆ ನಿಂತಿತು, ಅವಳು ಮತ್ತೆ ಅಂಗಡಿಗೆ ತಿಳಿಸಿದಳು.

"ಅವ ಬಂದಾಗ ಓಡ್ತೈತಿ, ಹೋದ ಮ್ಯಾಲ ನಿಲ್ತೈತಿ," ಎಂದು ಆಸ್ಪತ್ರೆಯ ಹಳೆಯ ಜವಾನ ಹೊನ್ನೂರಸ್ವಾಮಿ ತಲೆಯಾಡಿಸಿದ. "ಇಷ್ಟೂ ತಿಳಿಯಂಗಿಲ್ಲೇನ್ರಿ ಡಾಕ್ಟ್ರಮ್ಮಾ? ಒಂದು ಸ್ಕ್ರೂ ಸಡ್ಲ ಮಾಡಿ ಹೋಗ್ತಿರ್ತಾನ."

"ಸುಮ್ನಿರು ಹೊನ್ನೂರಪ್ಪಾ, ಅವರು ಅಂಥವರಲ್ಲ," ಎಂದಳೇನೋ ನಿಜ. ಆದರೆ ಮನೆಗೆ ಬಂದು ಕಾರ್ಡು ಬಿಚ್ಚಿ ನೋಡಿದಳು.

"ದೋಷ ಇಲ್ಲ. ಮತ್ತೊಮ್ಮೆ ಬಂದು ನೋಡಬೇಕು."

ದೋಷ ಇಲ್ಲದಿದ್ದರೆ ಮತ್ತೆ ಬಂದು ನೋಡುವುದೇನು? ಹಾಗಾದರೆ ಆ ನಗು, ಆ ಮಾತು... ಎಲ್ಲ ನನ್ನನ್ನು ಯಾಮಾರಿಸುವುದಕ್ಕೆ? ಬರೀ ಮೆಕ್ಯಾನಿಕ್ ಮೋಸ ಮಾಡಿದ್ದರೆ ಅವಳು ಬೈದು ಮರೆಯುತ್ತಿದ್ದಳು. ಆದರೆ ಇದು ಅಷ್ಟೇ ಆಗಿರಲಿಲ್ಲ, ಅದಕ್ಕೇ ಅಷ್ಟು ನೋವು.

ಅದೇ ಹೊತ್ತಿಗೆ ಮಷೀನು ಮಾರಿದ ಬಳ್ಳಾರಿಯ ಅಂಗಡಿಯ ಮಾಲೀಕ ಶೇಖರ್ ಫೋನು ಮಾಡಬೇಕೇ?

"ಏನ್ರಿ ಮೇಡಂ, ಒಂದೇ ಮಷೀನಿಗೆ ನಾಕನೇ ಕಂಪ್ಲೇಂಟು?"

"ನಿಮ್ಮ ಹುಡುಗನ್ನ ಕೇಳ್ರಿ," ಎಂದುಬಿಟ್ಟಳು. "ಪ್ರತಿ ಸಲ ಏನೋ ಕೆಡಿಸಿ ಹೋಗ್ತಾನ. ಮತ್ತ ಬರಾಕ ನೆಪ ಬೇಕಲ್ಲ?"

ಫೋನು ಇಟ್ಟ ಮೇಲೆ ಅಳು ಬಂತು. ಯಾಕೆಂದು ಅವ್ವ ಕೇಳಿದರೆ ಕಣ್ಣಿಗೆ ಕಸ ಬಿದ್ದಿದೆ ಎಂದಳು.

ಮರುದಿನ ಎರಡನೇ ಶನಿವಾರ, ಆಸ್ಪತ್ರೆಗೆ ರಜೆ. ರಾತ್ರಿಯೆಲ್ಲ ಹೊರಳಾಡಿದವಳಿಗೆ ಒಂದು ಸಂಗತಿ ಮಾತ್ರ ಕೊರೆಯುತ್ತಿತ್ತು. ಆರೋಪವನ್ನೇನೋ ಹೊರಿಸಿದೆ, ಆದರೆ ಕೊಟ್ಟಿಗೆಯಲ್ಲಿ ಕೂತು ನೋಡಲೇ ಇಲ್ಲವಲ್ಲ? ಎಮ್ಮೆಗೆ ಕೊಡುವ ನ್ಯಾಯವನ್ನು ಆ ಮನುಷ್ಯನಿಗೆ ನಾನು ಕೊಟ್ಟೆನೇ?

ಬೆಳಿಗ್ಗೆ ಒಳಗೇ ಸಿಕ್ಕಿದ್ದ ಬಟ್ಟೆಯನ್ನು ಮೊದಲಿನಿಂದ ಒಗೆಯಲು ಗುಂಡಿ ಒತ್ತಿದಳು. ಹಿತ್ತಲ ಬಾಗಿಲ ಪಕ್ಕ ಮಣೆ ಹಾಕಿಕೊಂಡು ಸುಮ್ಮನೆ ಕೂತಳು.

ಅವ್ವ ಅಂಗಳದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮಷೀನು ಮೊದಲ ಸಲ ನೀರು ತುಂಬಿಕೊಂಡಿತು. ಅವ್ವ ತಲೆ ಎತ್ತಲಿಲ್ಲ. ಬಟ್ಟೆ ತಿರುಗಿತು, ಸೋಪಿನ ನೀರು ಬಚ್ಚಲಿಗೆ ಹೋಯಿತು. ಎರಡನೇ ಸಲ ಪೈಪಿನಲ್ಲಿ ಸುರ್ ಎಂದು ಸದ್ದಾಯಿತು, ನೋಡಿ... ಕೊಟ್ರಬಸಮ್ಮ ಮೊಳಕಾಲು ಹಿಡಿದುಕೊಂಡು ಎದ್ದರು. ಸಿಂಟೆಕ್ಸ್ ಟ್ಯಾಂಕಿನ ಕೆಳಗೆ ಹೋಗಿ ಬಗ್ಗಿದರು. ವಾಲ್ವನ್ನು ಗಟ್ಟಿಯಾಗಿ ತಿರುವಿ ನೀರು ನಿಲ್ಲಿಸಿ, ಬಂದು ಮತ್ತೆ ಬೆಳ್ಳುಳ್ಳಿಗೆ ಕೂತರು.

ಒಳಗೆ ಮಷೀನು ನೀರಿಗಾಗಿ ಕಾದು ಕಾದು, ಕೀಂ ಎಂದು ನಿಂತಿತು. ಇಪ್ಪತ್ಮೂರು.

"ಅವ್ವಾ... ಏನು ಮಾಡಿದಿ ಈಗ?"

"ಏನು ಮಾಡಿದೆ? ನೀರು ನಿಲ್ಲಿಸ್ದೆ. ಒಂದು ಸಲ ಹೊಟ್ಟಿ ತುಂಬ ಕುಡಿದೈತಿ. ಮತ್ತೂ ಕುಡೀತೈತಿ ಅಂದ್ರ ಎಲ್ಲೋ ಸೋರಾಕತ್ತೈತಿ. ಎಂಟು ದಿನಕ್ಕೊಮ್ಮೆ ನೀರು ಬಿಡೋ ಓಣಿಯಾಗ ನಿನ್ನ ಮಷೀನಿಗೆ ಎಷ್ಟು ಸಲ ಕುಡಿಸೋಣು?"

"ಮತ್ತ ಅವರು ಬಂದಾಗ? ಅವಾಗ ನೀರು ಹೆಂಗ ಬರ್ತಿತ್ತು?"

"ಬಂದವರ ಕಾಲಿಗೆ ನೀರು ಕೊಡದಿದ್ರ ಹೆಂಗಲೇ? ತಿರುವಿ ಬಿಡ್ತಿದ್ದೆ."

ಅಂಜನಾ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಕಣ್ಣೀರು ಸುರಿಯಿತು.

"ಒಗಿಯಾಕ ಒಂದು ಸಲ, ಜಾಲ್ಸಾಕ ಎರಡು ಸಲ ನೀರು ಬೇಕವ್ವಾ ಅದಕ್ಕ. ನಾನು ಪಾಪ ಅವರ ಮ್ಯಾಲ ಹೊರಿಸಿಬಿಟ್ಟೆ..."

ಕೊಟ್ರಬಸಮ್ಮ ಮಗಳ ಮುಖವನ್ನೇ ನೋಡಿದರು. ಹೆತ್ತವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಗೆ ಫೋನು ಮಾಡಿದಾಗ ಶೇಖರ್ ದನಿ ಬಿರುಸಾಗಿತ್ತು. "ಅವ ಇಲ್ಲಿ ಇಲ್ರಿ. ಸಿರುಗುಪ್ಪದ ಅಂಗಡಿಗೆ ಕಳಿಸೀನಿ. ಒಂದು ತಿಂಗಳು ನೋಡ್ತೀನಿ, ಇಲ್ಲಾಂದ್ರ ಕೆಲಸ ಬಿಡಿಸ್ತೀನಿ. ಗಿರಾಕಿ ಮನಿಯಾಗ ಕೈಚಳಕ ಮಾಡೋರು ನಮಗ ಬ್ಯಾಡ."

"ಅವರು... ಏನೂ ಹೇಳ್ಲಿಲ್ಲೇನ್ರಿ?"

"ಒಂದು ಮಾತೂ ಆಡ್ಲಿಲ್ರಿ. ತಲಿ ತಗ್ಗಿಸಿ ಹೋದ."

ಒಂದು ತಪ್ಪು ಮಾತಿಗೆ ಒಬ್ಬನ ಅನ್ನ ಹೋಗುವುದರಲ್ಲಿತ್ತು. ಅಂಜನಾ ತಡಮಾಡಲಿಲ್ಲ. ದನಗಳಿಗೆ ಪ್ರಮಾಣಪತ್ರ ಬರೆಯುವ ಕೈ, ಅದೇ ಧಾಟಿಯಲ್ಲಿ ಬರೆಯಿತು: "ಸದರಿ ಮಷೀನಿನಲ್ಲಿ ಯಾವುದೇ ದೋಷ ಇರುವುದಿಲ್ಲ. ನಮ್ಮ ತಾಯಿಯವರು ನೀರಿನ ವಾಲ್ವನ್ನು ಬಂದ್ ಮಾಡುತ್ತಿದ್ದುದೇ ಕಾರಣವಾಗಿರುತ್ತದೆ. ಮೆಕ್ಯಾನಿಕ್ ಶ್ರೀ ಜಂಬುನಾಥ ಇವರದು ಯಾವ ತಪ್ಪೂ ಇರುವುದಿಲ್ಲ." ಸಹಿ ಹಾಕಿ, ಫೋಟೋ ತೆಗೆದು ಶೇಖರ್‌ಗೆ ಕಳಿಸಿದಳು.

"ಅವ್ವಾ, ಸಿರುಗುಪ್ಪಕ್ಕ ಹೋಗಿ ಬರ್ತೀನಿ."

"ಹೋಗು. ಮಾತಿನಾಗ ಬಿರುಸು ಕಡಿಮಿ ಇರ್ಲಿ," ಎಂದರು ಅವ್ವ.

ಬಸ್ಸಿನ ಕಿಟಕಿಯಾಚೆ ಗದ್ದೆಗಳು ಹಸಿರಾಗಿ ಓಡುತ್ತಿದ್ದರೂ ಅವಳು ಒಂದನ್ನೂ ನೋಡಲಿಲ್ಲ. ಮುಖ ತಿರುಗಿಸಿಕೊಂಡರೆ? ಮಾತೇ ಆಡದಿದ್ದರೆ? ಕೆಲಸ ಉಳಿದೀತು, ಅವನು ನನಗೆ ಉಳಿಯುತ್ತಾನೆಯೇ?

ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಜಂಬುನಾಥ ಒಬ್ಬನೇ ಕೂತಿದ್ದ, ಎದುರಿಗೆ ಬಿಚ್ಚಿದ ಮಷೀನು. ಅವಳನ್ನು ಕಂಡು ಎದ್ದು ನಿಂತ.

"ನಮಸ್ಕಾರ್ರಿ ಮೇಡಂ. ಮತ್ತ ನಿಂತಿತೇನ್ರಿ?"

ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ತಪ್ಪಾತು," ಎಂದಳು. "ನೋಡದನ, ಕೇಳದನ ಅಂದುಬಿಟ್ಟೆ. ಆ ಮಾತು ಆಡಬಾರದಿತ್ತು."

"ಪತ್ರ ಓದೀನ್ರಿ. ಶೇಖರಣ್ಣ ಕಳಿಸಿದ್ರು. ಸೋಮವಾರದಿಂದ ಬಳ್ಳಾರಿಗೇ ಬಾ ಅಂದಾರ." ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ನಿಂತ. "ಆದ್ರ ಮೇಡಂ, ಪತ್ರದಾಗ ಒಂದು ಮಾತು ಸುಳ್ಳು ಐತಿ."

"ಯಾವುದು?"

"ನಂದು ಯಾವ ತಪ್ಪೂ ಇಲ್ಲ ಅಂತ ಬರದೀರಿ. ಮೂರನೇ ಸಲ ಬಂದಾಗ್ಲೇ ನನಗ ಗೊತ್ತಿತ್ತು, ಮಷೀನು ಗಟ್ಟಿ ಐತಿ ಅಂತ. ಇದು ಮನಿ ನೀರಿನ ಸಮಸ್ಯಿ ಇರಬೇಕು, ನೀವೇ ನೋಡ್ಕೊಳ್ರಿ ಅಂತ ಬರದು ಮುಗಿಸಬೇಕಿತ್ತು. ಕೈ ಬರಲಿಲ್ಲ. ಮತ್ತ ಬರಬೇಕು ಅಂತ ಬರದೆ." ಅವನು ಅವಳ ಕಡೆ ನೋಡಲಿಲ್ಲ. "ಕೆಡಿಸಿಲ್ಲ, ದೇವರಾಣಿ. ಆದ್ರ ನೆಪ ಹೂಡಿದ್ದು ಖರೇ. ಅದಕ್ಕ ಶೇಖರಣ್ಣ ಬೈದಾಗ ಎದುರು ಮಾತಾಡಾಕ ಬಾಯಿ ಬರಲಿಲ್ಲ."

ಅಂಜನಾ ಒಂದು ಹೆಜ್ಜೆ ಮುಂದೆ ಬಂದಳು.

"ಮೂರನೇ ಸಲ ಮಷೀನಿನಾಗ ಏನಿತ್ತು, ನೆನಪೈತೇನು?" ಎಂದಳು.

"ಎರಡು ಚೂಡಿದಾರ, ಒಂದು ಹೊದಿಕಿ."

"ಒಗದು ಮಡಚಿಟ್ಟಿದ್ದು ಅವು. ಕಪಾಟಿನಿಂದ ತಗದು ಹಾಕಿದ್ದೆ. ನಿಲ್ಲಲಿ, ನಿಮಗ ಫೋನು ಮಾಡಬೇಕು ಅಂತ."

ಅವನು ತಲೆ ಎತ್ತಿದ. ಇಬ್ಬರಿಗೂ ನಗು ಬಂತು, ಆದರೆ ನಗಲಾಗಲಿಲ್ಲ. ಅಷ್ಟು ಹತ್ತಿರ ಬಂದುಬಿಟ್ಟಿತ್ತು ಅಳು.

"ನನ್ನ ಮೈಯಾಗ ಗ್ರೀಸು ವಾಸನಿ ಇರ್ತೈತ್ರಿ," ಎಂದ ಕೊನೆಗೆ.

"ನನ್ನ ಮೈಯಾಗ ದನದ್ದು ಇರ್ತೈತಿ. ನೀವು ಯಾವತ್ತಾದ್ರೂ ದೂರ ಸರಿದೀರೇನು?"

"ಇನ್ನೂ ಹತ್ತಿರ ಕೂಡಬೇಕು ಅನಿಸಿತ್ತು."

ಅವಳ ಕೆನ್ನೆ ಕೆಂಪೇರಿತು. ಹೊರಡುವ ಬಸ್ಸಿನ ಹಾರ್ನು ಕೇಳಿಸುತ್ತಿತ್ತು. ಸೆರಗಿಲ್ಲದ ಚೂಡಿದಾರದ ತುದಿಯನ್ನೇ ಬೆರಳಿಗೆ ಸುತ್ತಿಕೊಂಡು ಕೇಳಿದಳು.

"ನಾಳಿ ಐತಾರ, ನಮ್ಮ ಮನಿಗೆ ಬರ್ತೀರೇನು?"

"ಮಷೀನು ಚಲೋ ಐತಲ್ರಿ. ಒಬ್ಬನೇ ಸುಮ್ನ ಬಂದ್ರ ನಿಮ್ಮವ್ವ ಏನಂತಾರ?"

"ಒಬ್ರೇ ಯಾಕ ಬರ್ತೀರಿ? ನಿಮ್ಮವ್ವನ್ನ ಕರ್ಕೊಂಡು ಬರ್ರಿ."

ಜಂಬುನಾಥ ಗ್ರೀಸಿನ ಬಟ್ಟೆಯನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ನಮ್ಮಕ್ಕನೂ ಬರ್ತೀನಿ ಅಂದ್ರ, ಅಂಜನಾ?"

"ಕರ್ಕೊಂಡು ಬರ್ರಿ," ಎಂದಳು ಅವಳು. "ಒಪ್ಪಿಗಿ ಹೇಳಾಕ ನಾನಂತೂ ಮನಿಯಾಗ ಇರ್ತೀನಿ."